ಸುಂಟರಗಾಳಿಯ ಬಾಲ ಹಿಡಿಯ ಹೊರಟವರಿಗೆ...

ಮೊನ್ನೆ ಭಾನುವಾರ ಬೆಳಿಗ್ಗೆ ನೀರುದೋಸೆ ತಿನ್ನುತ್ತಾ ಕೂತಿದ್ದಾಗ ಅಕ್ಕನ ಮಗ ತಣ್ಣಗೆ ಒಂದು ಬಾಂಬು ಹಾಕಿದ. "ಮಾವ, ಮೇ ತಿಂಗಳಲ್ಲಿ ಒಂದು ವೀಕೆಂಡ್ ನಿಮ್ಮ ದೊಡ್ಡ ಕಾರು ಬೇಕಿತ್ತು. ನಾವು ನಾಲ್ಕು ಜನ ಫ್ರೆಂಡ್ಸ್ ಓಕ್ಲಹೋಮ ಕಡೆ ಚೇಸಿಂಗಿಗೆ ಹೋಗ್ತಿದ್ದೇವೆ."

"ಎಂಥ ಚೇಸಿಂಗು?" ಅಂದೆ. ಇಷ್ಟು ವರ್ಷ ಟೆಕ್ಸಾಸಿನಲ್ಲಿದ್ದೂ ಅಷ್ಟು ಗೊತ್ತಿಲ್ವಾ ಅನ್ನುವ ಹಾಗೆ ನೋಡಿದ. ಗೊತ್ತಿಲ್ಲದೆ ಕೇಳಿದ್ದಲ್ಲ ಮಾರಾಯ್ರೇ, ಕಿವಿ ಸರಿ ಕೇಳಿತೋ ಇಲ್ಲವೋ ಅಂತ ಕೇಳಿದ್ದು. ಹುಡುಗ ಇಲ್ಲಿಗೆ ಎಂ.ಎಸ್. ಮಾಡಲು ಬಂದು ಎರಡು ವರ್ಷ ಆಗಿಲ್ಲ. ಕುಂದಾಪುರದಲ್ಲಿ ಕೂತಿರುವ ನನ್ನ ಅಕ್ಕ ವಾರಕ್ಕೆರಡು ಸಲ ಫೋನ್ ಮಾಡಿ "ತಮ್ಮಾ, ಮಾಣಿ ಮೇಲೆ ಒಂದು ಕಣ್ಣಿಡು" ಅನ್ನುತ್ತಾಳೆ. ಆ ಮಾಣಿ ಈಗ ಸುಂಟರಗಾಳಿಯನ್ನು ಬೆನ್ನಟ್ಟಿಕೊಂಡು ಹೋಗಬೇಕಂತೆ, ಅದೂ ನನ್ನ ಕಾರಿನಲ್ಲಿ!

ನಾನು ಕೊಡುವುದಿಲ್ಲ ಅಂದೆ. ಅವನು ಮೂರು ದಿನ ಮಾತು ಬಿಟ್ಟ. ಅವನಿಗೆ ಹೇಳಲು ಹೋಗಿ ಅರ್ಧಕ್ಕೆ ನಿಂತದ್ದನ್ನೆಲ್ಲ ಇಲ್ಲಿ ಬರೆದು ಮುಗಿಸುತ್ತೇನೆ. ಅವನಿಗೆ ಮಾತ್ರ ಅಲ್ಲ, ನಮ್ಮ ಬ್ಲಾಗಿಗರಲ್ಲೂ ಇಂಥ ಸಾಹಸಗಳಿಗೆ "ವಾವ್, ಸೂಪರ್ ಅನುಭವ" ಅಂತ ಕಾಮೆಂಟು ಹಾಕುವವರು ಇದ್ದೀರಲ್ಲ, ನಿಮಗೂ ಸೇರಿಸಿ. ಬೈದುಕೊಳ್ಳುವವರು ಪೂರ್ತಿ ಓದಿ ಆಮೇಲೆ ಬೈದುಕೊಳ್ಳಿ.

ಊರಲ್ಲಿರುವವರಿಗೆ ಮೊದಲು ನಾಲ್ಕು ಮಾತು. ಇಲ್ಲಿ ಏಪ್ರಿಲ್-ಮೇ ಬಂತೆಂದರೆ ಮೆಕ್ಸಿಕೋ ಕೊಲ್ಲಿಯಿಂದ ಬರುವ ಹಸಿ ಹಸಿ ಬಿಸಿಗಾಳಿ, ಪಶ್ಚಿಮದ ಬೆಟ್ಟಗಾಡಿನಿಂದ ಇಳಿಯುವ ಒಣಗಾಳಿ, ಇವೆರಡರ ತಲೆಯ ಮೇಲೆ ಜೋರಾಗಿ ಬೀಸುವ ತಣ್ಣನೆಯ ಗಾಳಿ ಮೂರೂ ಒಂದೇ ಬಯಲಿನ ಮೇಲೆ ಎದುರಾಗುತ್ತವೆ. ಟೆಕ್ಸಾಸ್, ಓಕ್ಲಹೋಮ, ಕನ್ಸಾಸ್ ಅಂದರೆ ತಟ್ಟೆಯ ಹಾಗೆ ಚಪ್ಪಟೆ ನೆಲ. ಮಧ್ಯಾಹ್ನ ಮೂರಕ್ಕೆ ನೀಲಿಯಾಗಿದ್ದ ಆಕಾಶದಲ್ಲಿ ಐದಕ್ಕೆಲ್ಲ ಹನ್ನೆರಡು-ಹದಿನೈದು ಕಿಲೋಮೀಟರ್ ಎತ್ತರದ ಮೋಡ ಎದ್ದು ನಿಂತು, ಇಡೀ ಮೋಡವೇ ಬುಗುರಿಯ ಹಾಗೆ ನಿಧಾನವಾಗಿ ತಿರುಗತೊಡಗುತ್ತದೆ. ಅಂಥದ್ದಕ್ಕೆ ಸೂಪರ್‌ಸೆಲ್ ಅಂತ ಹೆಸರು. ಎಲ್ಲ ಸೂಪರ್‌ಸೆಲ್ಲೂ ಸುಂಟರಗಾಳಿ ಹೆರುವುದಿಲ್ಲ, ಆದರೆ ಭಯಂಕರವಾದ ಸುಂಟರಗಾಳಿಗಳೆಲ್ಲ ಹೆಚ್ಚಾಗಿ ಇವುಗಳ ಹೊಟ್ಟೆಯಿಂದಲೇ ಬರುವುದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1200 ಸುಂಟರಗಾಳಿಗಳು ಲೆಕ್ಕಕ್ಕೆ ಸಿಗುತ್ತವೆ.

ಅದನ್ನು ನೋಡಬೇಕು ಅನ್ನಿಸುವುದು ತಪ್ಪಲ್ಲ. ನಾನೂ ಸಮುದ್ರದ ಬದಿಯಲ್ಲಿ ಹುಟ್ಟಿದವನು, ಆಷಾಢದ ಕಡಲಿನ ಎದುರು ಬಾಯಿ ಬಿಟ್ಟು ನಿಂತವನೇ. ಡೇವಿಡ್ ಹೋಡ್ಲಿ ಅನ್ನುವವರು 1956ರಲ್ಲಿ ನಾರ್ತ್ ಡಕೋಟಾದಲ್ಲಿ ಈ ಹುಚ್ಚು ಹಚ್ಚಿಕೊಂಡರು. ಆಗ ಮೊಬೈಲಿಲ್ಲ, ರೇಡಾರ್ ಚಿತ್ರ ಇಲ್ಲ, ಯೂಟ್ಯೂಬಂತೂ ಇಲ್ಲವೇ ಇಲ್ಲ. 1973ರ ಮೇ 24ರಂದು ಓಕ್ಲಹೋಮದ ಯೂನಿಯನ್ ಸಿಟಿಯ ಸುಂಟರಗಾಳಿಯನ್ನು ವಿಜ್ಞಾನಿಗಳು ಹುಟ್ಟಿನಿಂದ ಸಾವಿನವರೆಗೆ ಚಿತ್ರೀಕರಿಸಿದರು, ಅದೇ ಹೊತ್ತಿಗೆ ಡಾಪ್ಲರ್ ರೇಡಾರೂ ಅದನ್ನು ನೋಡುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಸುಂಟರಗಾಳಿ ರೇಡಾರಿನಲ್ಲಿ ಹೇಗೆ ಗುರುತು ಬಿಡುತ್ತದೆ ಅಂತ ತಿಳಿಯಿತು. ಇವತ್ತು ನನ್ನ ಫೋನು ಮಧ್ಯರಾತ್ರಿ ಕಿರುಚಿ ಎಬ್ಬಿಸುತ್ತದಲ್ಲ, ಅದರ ಹಿಂದೆ ಅಂಥವರ ದುಡಿಮೆ ಇದೆ. ಅವರಿಗೆ ನಾನು ಕೈ ಮುಗಿಯುತ್ತೇನೆ.

ಆದರೆ ನಮ್ಮ ಮಾಣಿ ಆ ಗುಂಪಿನವನಲ್ಲ! ಅವನು 2024ರಲ್ಲಿ ಬಂದ 'ಟ್ವಿಸ್ಟರ್ಸ್' ಸಿನಿಮಾ ನೋಡಿದವನು. ಅದರಲ್ಲಿ ಸುಂಟರಗಾಳಿಯ ಹೊಟ್ಟೆಯೊಳಗೇ ಟ್ರಕ್ಕು ನುಗ್ಗಿಸಿ, ನೆಲಕ್ಕೆ ಮೊಳೆ ಹೊಡೆದುಕೊಂಡು, ಪಟಾಕಿ ಹಾರಿಸುತ್ತಾರೆ. 1996ರ 'ಟ್ವಿಸ್ಟರ್' ಬಂದಾಗಲೂ ಇದೇ ಕತೆ. ಆ ಸಿನಿಮಾದ ನಂತರ ಬಯಲಿನ ರಸ್ತೆಗಳಲ್ಲಿ ಜಾತ್ರೆ ಶುರುವಾಯಿತು ಅಂತ ಹಳಬರು ಇನ್ನೂ ಗೊಣಗುತ್ತಾರೆ.

"ಮಾವ, ಡೇಂಜರ್ ಅಂತ ಗೊತ್ತು. ಆದರೆ ನಾವು ಹುಷಾರಾಗಿರ್ತೇವೆ" ಅಂದ.

ಹುಷಾರು. ಈ ಶಬ್ದ ಕೇಳಿದಾಗೆಲ್ಲ ನನಗೆ ಟಿಮ್ ಸಮಾರಸ್ ನೆನಪಾಗುತ್ತಾರೆ. ಕೊಲರಾಡೋದವರು, ಕಾಲೇಜು ಡಿಗ್ರಿ ಇಲ್ಲದೆ ಸ್ವಂತ ಬುದ್ಧಿಯಿಂದ ಇಂಜಿನಿಯರ್ ಆದವರು. ಆಮೆಯ ಚಿಪ್ಪಿನಂಥ ಒಂದು ಉಪಕರಣ ತಯಾರಿಸಿ ಸುಂಟರಗಾಳಿ ಬರುವ ದಾರಿಯಲ್ಲಿ ನೆಲದ ಮೇಲಿಟ್ಟು ಓಡಿ ಬರುತ್ತಿದ್ದರು. 2003ರ ಜೂನ್ 24ರಂದು ಸೌತ್ ಡಕೋಟಾದ ಮ್ಯಾಂಚೆಸ್ಟರ್ ಅನ್ನುವ ಪುಟ್ಟ ಊರಿನ ಬಳಿ ಸುಂಟರಗಾಳಿ ಆ ಚಿಪ್ಪಿನ ಮೇಲೆಯೇ ಹಾದುಹೋಯಿತು. ಗಾಳಿಯ ಒತ್ತಡ 100 ಮಿಲಿಬಾರ್ ಕುಸಿದದ್ದು ದಾಖಲಾಯಿತು. ಅಂಥ ಅಳತೆ ಅದಕ್ಕೂ ಮುಂಚೆ ಯಾರಿಗೂ ಸಿಕ್ಕಿರಲಿಲ್ಲ. ಇವರೆಲ್ಲರಲ್ಲಿ ಅತಿ ಎಚ್ಚರದ ಮನುಷ್ಯ ಅಂತಲೇ ಅವರಿಗೆ ಹೆಸರು.

2013ರ ಮೇ 31. ಓಕ್ಲಹೋಮ ಸಿಟಿಯ ಪಶ್ಚಿಮಕ್ಕೆ ಎಲ್ ರೀನೋ ಅನ್ನುವ ಊರು. ಸಂಜೆ 6 ಗಂಟೆ ದಾಟಿದ ಮೇಲೆ ನೆಲ ಮುಟ್ಟಿದ ಸುಂಟರಗಾಳಿ ನೋಡನೋಡುತ್ತಿದ್ದಂತೆ ಹಿಗ್ಗಿ 2.6 ಮೈಲಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಅಗಲವಾಯಿತು. ಅಷ್ಟು ಅಗಲದ್ದು ಬೇರೆ ದಾಖಲೆಯಲ್ಲೇ ಇಲ್ಲ. ನಾಲ್ಕು ಕಿಲೋಮೀಟರ್ ಅಗಲದ ವಸ್ತು ಹತ್ತಿರ ನಿಂತವನಿಗೆ ಸುಂಟರಗಾಳಿಯ ಹಾಗೆ ಕಾಣುವುದೇ ಇಲ್ಲ! ಸಿನಿಮಾದ ಆನೆಸೊಂಡಿಲು ಇಲ್ಲ, ಬರೀ ಮಳೆಯ ಕಪ್ಪು ಗೋಡೆ. ಆಗ್ನೇಯಕ್ಕೆ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಈಶಾನ್ಯಕ್ಕೆ ತಿರುಗಿತು, ತಿರುಗುವಾಗ ವೇಗವನ್ನೂ ಹೆಚ್ಚಿಸಿಕೊಂಡಿತು. ಅದರ ಒಳಗೆ ಸಣ್ಣ ಸಣ್ಣ ಸುಳಿಗಳು ಬೇರೆ, ಒಂದೊಂದೂ ಇನ್ನೂ ಭಯಂಕರ. ಸಂಚಾರಿ ರೇಡಾರ್ ಅಳೆದ ಗಾಳಿಯ ವೇಗ ಗಂಟೆಗೆ 300 ಮೈಲಿ ಹತ್ತಿರ ಹತ್ತಿರ.

ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಒಂದು ಸಾಧಾರಣ ಷೆವ್ರೊಲೆ ಕೋಬಾಲ್ಟ್ ಕಾರಿನಲ್ಲಿದ್ದರು. ಮೂವರೂ ಹೋದರು. ಅದೇ ಸಂಜೆ ಟಿವಿ ಚಾನೆಲ್ಲೊಂದರ ತಂಡದ ಕಾರನ್ನು ಗಾಳಿ ಎತ್ತಿ ಹೊಲಕ್ಕೆ ಎಸೆಯಿತು, ಒಳಗಿದ್ದವರು ಬದುಕಿದ್ದೇ ಪುಣ್ಯ. ಸ್ಥಳೀಯರೊಬ್ಬರು ಹವ್ಯಾಸಕ್ಕೆ ಅಂತ ನೋಡಲು ಹೋಗಿ ತೀರಿಕೊಂಡರು. ಆ ಸುಂಟರಗಾಳಿಗೆ ಬಲಿಯಾದವರು 8 ಜನ, ಅವರಲ್ಲಿ 4 ಜನ ಅದನ್ನು ಹುಡುಕಿಕೊಂಡು ಹೋದವರೇ.

ಎಷ್ಟೋ ವರ್ಷದ ಅನುಭವ ಇದ್ದವರಿಗೆ ಹಾಗಾಯಿತು. ನಮ್ಮ ಮಾಣಿಯ ಅನುಭವ ಎಂಥದ್ದು? ಎರಡು ಗಂಟೆ ನಲವತ್ತು ನಿಮಿಷದ ಯೂಟ್ಯೂಬು, ಅದೂ ಒಂದೂವರೆ ಪಟ್ಟು ಸ್ಪೀಡಿನಲ್ಲಿ. :-)

ಈಗ ನನ್ನದೇ ಹುಳುಕು ಹೇಳಿಬಿಡುತ್ತೇನೆ. ಇದನ್ನು ಅವನಿಗೆ ಇನ್ನೂ ಹೇಳಿಲ್ಲ. 2010ರ ಮೇ ತಿಂಗಳಲ್ಲಿ ಒಂದು ಶುಕ್ರವಾರ ಆಫೀಸಿನ ಇಬ್ಬರ ಜೊತೆ ನಾನೂ ಹೋಗಿದ್ದೆ. ಹೆಂಡತಿಗೆ "ಸ್ವಲ್ಪ ಲೇಟಾಗುತ್ತೆ" ಅಂತ ಮಾತ್ರ ಹೇಳಿ. ಬೋವಿ ದಾಟಿ 81ನೇ ಹೆದ್ದಾರಿಯಲ್ಲಿ ಉತ್ತರಕ್ಕೆ, ರೆಡ್ ರಿವರ್ ಕಡೆ. ಪಶ್ಚಿಮದಲ್ಲಿ ಮೋಡ ಎದ್ದದ್ದು ನೋಡಿದಾಗ ಮೈ ಜುಂ ಅಂದಿತು, ಸುಳ್ಳು ಹೇಳುವುದಿಲ್ಲ. ಅಷ್ಟು ದೊಡ್ಡದು, ಅಷ್ಟು ಮೌನ.

ಆಮೇಲೆ ಗೊತ್ತಾದದ್ದು, ಅದು ಆಟದ ಮೈದಾನವಲ್ಲ, ಬಲೆ ಅಂತ. ರೆಡ್ ರಿವರಿಗೆ ಆ ಭಾಗದಲ್ಲಿ ಸೇತುವೆಗಳೇ ಕಡಿಮೆ, ಒಂದು ಬಿಟ್ಟರೆ ಇನ್ನೊಂದು ಎಷ್ಟೋ ಮೈಲಿ ಆಚೆ. ಹೆದ್ದಾರಿಯ ಎರಡೂ ಬದಿಗೆ ನಮ್ಮಂಥವರ ಕಾರುಗಳು ರಥಬೀದಿಯ ಹಾಗೆ ಸಾಲುಸಾಲು. ಬೇರೆ ದಾರಿ ಹಿಡಿಯೋಣ ಅಂತ ಜಿಪಿಎಸ್ ನಂಬಿ ಒಂದು ಮಣ್ಣಿನ ರಸ್ತೆಗೆ ಇಳಿದೆವು. ಆ ಕೆಂಪು ಜೇಡಿ ಮಳೆ ಬಿದ್ದ ಐದು ನಿಮಿಷಕ್ಕೆ ಬೆಣ್ಣೆಯಾಗುತ್ತದೆ. ಜಿಪಿಎಸ್ ತೋರಿಸಿದ ರಸ್ತೆ ಒಂದು ಬೇಲಿಯ ಹತ್ತಿರ ಮುಗಿದೇ ಹೋಯಿತು. ಹಿಂದಕ್ಕೆ ತಿರುಗಿಸುವಾಗ ಚಕ್ರ ಹೂತುಕೊಂಡಿತು. ಆಗ ಶುರುವಾಯಿತು ಆಲಿಕಲ್ಲು. ಊರಲ್ಲಿ ನಾವು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಆಲಿಕಲ್ಲಲ್ಲ, ಒಂದೊಂದೂ ಲಿಂಬೆಹಣ್ಣಿನ ಗಾತ್ರ, ಕೆಲವು ಇನ್ನೂ ದೊಡ್ಡವು. ಮುಂದಿನ ಗಾಜು ಜೇಡರ ಬಲೆಯಾಯಿತು. ಮೂವರೂ ಲ್ಯಾಪ್‌ಟಾಪ್ ಬ್ಯಾಗು ತಲೆಯ ಮೇಲಿಟ್ಟುಕೊಂಡು ಕೂತಿದ್ದೆವು. ಇದ್ದ ಬದ್ದ ಇಂಜಿನಿಯರಿಂಗೆಲ್ಲ ಅಷ್ಟಕ್ಕೇ ಉಪಯೋಗಕ್ಕೆ ಬಂದದ್ದು.

ಆದರೆ ನನಗೆ ಇವತ್ತಿಗೂ ನಿದ್ದೆ ಕೆಡಿಸುವುದು ಆಲಿಕಲ್ಲಲ್ಲ. ಹೇಗೋ ಒದ್ದಾಡಿ ಡಾಂಬರು ರಸ್ತೆಗೆ ಬಂದೆವಲ್ಲ, ಅಲ್ಲಿ ನಮ್ಮ ಹಿಂದೆ ಒಂದು ಅಗ್ನಿಶಾಮಕದ ಗಾಡಿ ಸೈರನ್ ಹೊಡೆಯುತ್ತಾ ನಿಂತಿತ್ತು. ಮುಂದೆ ಎಲ್ಲೋ ಒಂದು ಮನೆಯ ಚಾವಣಿ ಹಾರಿದೆಯಂತೆ, ಒಳಗೆ ಯಾರೋ ಇದ್ದಾರಂತೆ. ಅದು ಹೋಗಲು ದಾರಿ ಇಲ್ಲ. ಎದುರಿನ ಲೇನಿನಲ್ಲೂ ಕಾರು, ಬದಿಯಲ್ಲೂ ಕಾರು, ಬಾಗಿಲು ತೆಗೆದು ರಸ್ತೆಯ ಮಧ್ಯೆ ಟ್ರೈಪಾಡ್ ಇಟ್ಟವರೂ ಇದ್ದರು. ಗಾಡಿಯಲ್ಲಿದ್ದವರು ಸಂಬಳದವರಲ್ಲ, ಹಳ್ಳಿಯ ಸ್ವಯಂಸೇವಕರು. ಒಬ್ಬ ಮುದುಕ ಕೆಳಗಿಳಿದು ಒಂದೊಂದೇ ಕಾರಿನ ಗಾಜು ತಟ್ಟುತ್ತಾ ಬಂದ. ನಮ್ಮ ಕಾರಿನ ಹತ್ತಿರ ಬಂದು ಒಡೆದ ಗಾಜು ನೋಡಿದ, ನಮ್ಮ ಮೂವರ ಮುಖ ನೋಡಿದ, ಏನೂ ಹೇಳಲಿಲ್ಲ. ಕೈಯಲ್ಲೇ ಸರಿಯಿರಿ ಅಂತ ತೋರಿಸಿದ. ಬೈದಿದ್ದರೆ ಚೆನ್ನಾಗಿತ್ತು.

ಆ ಮನೆಯವರಿಗೆ ಏನಾಯಿತೋ ನನಗೆ ಗೊತ್ತಾಗಲಿಲ್ಲ. ಪೇಪರಿನಲ್ಲಿ ಹುಡುಕುವ ಧೈರ್ಯವೂ ಆಗಲಿಲ್ಲ.

ಹಾಗಾಗಿ "ನನ್ನ ಜೀವ, ನನ್ನಿಷ್ಟ" ಅನ್ನುವ ವಾದ ಇದೆಯಲ್ಲ, ಅದನ್ನು ನನ್ನ ಹತ್ತಿರ ತರಬೇಡಿ. ರಸ್ತೆ ನಿಮ್ಮಪ್ಪನ ಆಸ್ತಿಯಲ್ಲ. ಸುಂಟರಗಾಳಿ ಬರುವ ದಾರಿಯಲ್ಲಿರುವ ಹಳ್ಳಿಯವನಿಗೆ ಆ ಸಂಜೆ ಇರುವುದು ಒಂದೇ ರಸ್ತೆ. ಓಡಿಹೋಗಲೂ ಅದೇ, ಆಂಬುಲೆನ್ಸ್ ಬರಲೂ ಅದೇ. ನೀವು ಅಲ್ಲಿ ನಿಂತು ಲೈವ್ ಮಾಡುತ್ತಿರುತ್ತೀರಿ. ಅವನ ಮನೆ ಹಾರುವುದು ನಿಮಗೆ 'ಕಂಟೆಂಟು'. ಯಾರದೋ ಹಟ್ಟಿ, ಯಾರದೋ ದನ, ಯಾರದೋ ಮಗುವಿನ ಸೈಕಲ್ಲು ಆಕಾಶದಲ್ಲಿ ಸುತ್ತುತ್ತಿರುವಾಗ ಹಿನ್ನೆಲೆಯಲ್ಲಿ ನಿಮ್ಮ "ಓ ಮೈ ಗಾಡ್, ಬ್ಯೂಟಿಫುಲ್!". ಇದಕ್ಕೆ ವಾರಕ್ಕೆ ಸಾವಿರಾರು ಡಾಲರ್ ತೆಗೆದುಕೊಂಡು ವ್ಯಾನಿನಲ್ಲಿ ಟೂರು ಕರೆದುಕೊಂಡು ಹೋಗುವವರೂ ಇದ್ದಾರೆ. ಸಾವಿನ ಮನೆಯ ಮುಂದೆ ಚುರುಮುರಿ ಗಾಡಿ ಇಟ್ಟ ಹಾಗೆ.

"ಆದರೆ ಮಾವ, ಚೇಸರ್ಸ್ ರಿಪೋರ್ಟ್ ಮಾಡೋದರಿಂದ್ಲೇ ವಾರ್ನಿಂಗ್ ಕೊಡ್ತಾರೆ" ಅಂದ. ಅರ್ಧ ಸತ್ಯ. ನೆಲದ ಹತ್ತಿರ ಏನಾಗುತ್ತಿದೆ ಅಂತ ದೂರದ ರೇಡಾರಿಗೆ ಕಾಣುವುದಿಲ್ಲ, ಕಣ್ಣು ಬೇಕೇ ಬೇಕು. ಅದಕ್ಕಾಗಿಯೇ ಹವಾಮಾನ ಇಲಾಖೆಯವರು 'ಸ್ಕೈವಾರ್ನ್' ಅಂತ ಸ್ವಯಂಸೇವಕರಿಗೆ ತರಬೇತಿ ಕೊಡುತ್ತಾರೆ. ಅವರಲ್ಲಿ ಬಹಳ ಮಂದಿ ಅದೇ ಊರಿನ ರೈತರು, ಪೊಲೀಸರು, ಹ್ಯಾಮ್ ರೇಡಿಯೋದವರು. ತಮ್ಮೂರಿನ ಒಂದು ದಿಬ್ಬದ ಮೇಲೆ ನಿಂತು ನೋಡಿ ತಿಳಿಸಿ ಮನೆಗೆ ಹೋಗುತ್ತಾರೆ. ಒಂದೇ ಮೋಡದ ಹಿಂದೆ ಇನ್ನೂರು ಕಾರು ಬೇಕಾಗಿಲ್ಲ. ಇನ್ನೂರನೆಯ ಕಾರು ಹೊಸದಾಗಿ ಏನು ನೋಡುತ್ತದೆ? ನೂರತೊಂಬತ್ತೊಂಬತ್ತನೆಯ ಕಾರಿನ ಹಿಂಭಾಗ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬೆನ್ನಟ್ಟುವವರನ್ನು ಕೊಲ್ಲುವುದು ಸುಂಟರಗಾಳಿಗಿಂತ ಹೆಚ್ಚಾಗಿ ರಸ್ತೆ. ಎಲ್ ರೀನೋಗೆ ಮೊದಲು, ಅಷ್ಟು ದಶಕಗಳಲ್ಲಿ, ಬೆನ್ನಟ್ಟಿದವರನ್ನು ಸುಂಟರಗಾಳಿ ಕೊಂದದ್ದು ದಾಖಲಾಗಿರಲೇ ಇಲ್ಲ. ಅಪಘಾತಗಳಲ್ಲಿ ಸತ್ತವರು ಮಾತ್ರ 1984ರಿಂದಲೇ ಇದ್ದಾರೆ. 2017ರ ಮಾರ್ಚ್ 28ರಂದು ಟೆಕ್ಸಾಸಿನ ಸ್ಪರ್ ಅನ್ನುವ ಊರಿನ ಹತ್ತಿರ ಒಂದು ಚೇಸರ್ ಕಾರು ಸ್ಟಾಪ್ ಫಲಕದಲ್ಲಿ ನಿಲ್ಲದೆ ನುಗ್ಗಿ ಇನ್ನೊಬ್ಬ ಚೇಸರನ ಜೀಪಿಗೆ ಹೊಡೆಯಿತು. ಮೂವರು ಸತ್ತರು. ಕಣ್ಣು ಆಕಾಶದಲ್ಲಿ, ಕೈ ಫೋನಿನಲ್ಲಿ, ಕಾಲು ಆಕ್ಸಿಲರೇಟರ್ ಮೇಲೆ. 2022ರ ಏಪ್ರಿಲ್ 29ರ ರಾತ್ರಿ ಓಕ್ಲಹೋಮ ವಿಶ್ವವಿದ್ಯಾಲಯದ ಮೂವರು ಹುಡುಗರು ಕನ್ಸಾಸಿನಲ್ಲಿ ಸುಂಟರಗಾಳಿ ನೋಡಿ ವಾಪಸ್ಸು ಬರುತ್ತಿದ್ದರು. ಹವಾಮಾನಶಾಸ್ತ್ರವನ್ನೇ ಓದುತ್ತಿದ್ದವರು, ಅಂದರೆ ಗೊತ್ತಿದ್ದವರು. ಮಳೆನೀರಿನ ಮೇಲೆ ಕಾರು ಜಾರಿತು, ಹಿಂದಿನಿಂದ ದೊಡ್ಡ ಟ್ರಕ್ಕು ಬಂತು. ಸುಂಟರಗಾಳಿ ಅವರನ್ನು ಮುಟ್ಟಿರಲೂ ಇಲ್ಲ. ವಯಸ್ಸು ನಮ್ಮ ಮಾಣಿಯದ್ದೇ ಸುಮಾರು. ಇದನ್ನು ಹೇಳುವಾಗ ನನ್ನ ಧ್ವನಿ ಸ್ವಲ್ಪ ಏರಿತು, ಹೆಂಡತಿ ಒಳಗಿಂದ ಬಂದು ನೋಡಿ ಹೋದಳು.

ಊರಿನವರು ನಗುವ ಹಾಗಿಲ್ಲ ಮತ್ತೆ! ನಮ್ಮಲ್ಲಿ ಸುಂಟರಗಾಳಿ ಇಲ್ಲದಿದ್ದರೆ ಏನಾಯಿತು? 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಕಾಪು ಕಡೆಯ ಸಮುದ್ರದಲ್ಲಿ ಬಂಡೆಗೆ ಸಿಕ್ಕಿಬಿದ್ದ ಟಗ್ ಬೋಟಿನಿಂದ 9 ಜನರನ್ನು ಪಾರುಮಾಡಬೇಕಾದರೆ ಹೆಲಿಕಾಪ್ಟರೂ ಬೇಕಾಯಿತು. ಅಂಥ ಕಡಲಿನ ಎದುರು ನನ್ನ ಕಸಿನ್ ಒಬ್ಬ ತಡೆಗೋಡೆಯ ಕಲ್ಲಿನ ಮೇಲೆ ನಿಂತು ವೀಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದ. ಹದಿನೇಳು ಜನ ಹೆಬ್ಬೆಟ್ಟು ಒತ್ತಿದ್ದರು. 2023ರ ಜುಲೈಯಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಹುಡುಗ ಜಾರಿ ಬಿದ್ದದ್ದನ್ನು ನೀವೆಲ್ಲ ನೋಡಿದ್ದೀರಿ. ನೋಡಿದ್ದೀರಿ ಅನ್ನುವುದೇ ಕತೆ. ವೀಡಿಯೋ ಇತ್ತು.

ಇಷ್ಟು ಬೈದ ಮೇಲೆ, ಇಲ್ಲಿಗೆ ಹೊಸದಾಗಿ ಬಂದವರಿಗೆ ಕೆಲಸಕ್ಕೆ ಬರುವ ಮಾತೂ ಹೇಳಬೇಕಲ್ಲ. ಸುಂಟರಗಾಳಿ ನೋಡಲು ನೀವು ಹೋಗಬೇಕಾಗಿಲ್ಲ, ಅದೇ ನಿಮ್ಮನ್ನು ನೋಡಲು ಬರಬಹುದು. 2019ರ ಅಕ್ಟೋಬರ್ 20ರ ಭಾನುವಾರ ರಾತ್ರಿ ಡಲ್ಲಾಸಿನ ಉತ್ತರ ಭಾಗಕ್ಕೇ ಬಂತು. 2015ರಲ್ಲಿ ಕ್ರಿಸ್ಮಸ್ಸಿನ ಮರುದಿನ ಗಾರ್ಲಂಡಿನಲ್ಲಿ 10 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೆದ್ದಾರಿಯ ಮೇಲೆ ಕಾರುಗಳಲ್ಲಿದ್ದವರು. ರಾತ್ರಿ, ಮಳೆ, ಏನೂ ಕಾಣುವುದಿಲ್ಲ.

ಫೋನಿನಲ್ಲಿ 'ವಾಚ್' ಅಂತ ಬಂದರೆ ಹವೆ ಅದಕ್ಕೆ ಹದವಾಗಿದೆ ಅಂತ ಅರ್ಥ, 'ವಾರ್ನಿಂಗ್' ಅಂತ ಬಂದರೆ ಯಾರೋ ಕಂಡಿದ್ದಾರೆ ಅಥವಾ ರೇಡಾರಿನಲ್ಲಿ ತಿರುಗಾಟ ಸಿಕ್ಕಿದೆ ಅಂತ. ಎರಡನೆಯದು ಬಂದ ಮೇಲೆ ಬಾಲ್ಕನಿಗೆ ಹೋಗಿ ನೋಡುವ ನಮ್ಮವರ ಚಟ ಬಿಡಬೇಕು. (ಹೌದು, ನಮ್ಮವರೇ. ನಮ್ಮ ಅಪಾರ್ಟ್‌ಮೆಂಟಿನ ಕಾಲದಲ್ಲಿ ಸೈರನ್ ಹೊಡೆದಾಗ ಹೊರಗೆ ಬರುತ್ತಿದ್ದವರು ಎಲ್ಲ ದೇಸಿಗಳು, ಕೈಯಲ್ಲಿ ಚಹಾ ಕಪ್ಪಿನ ಸಮೇತ.) ಡಲ್ಲಾಸಿನ ಜೇಡಿಮಣ್ಣು ಹಿಗ್ಗಿ ಕುಗ್ಗುತ್ತದೆಂದು ಮನೆಗಳಿಗೆ ನೆಲಮಾಳಿಗೆ ಕಟ್ಟುವುದಿಲ್ಲ. ಹಾಗಾಗಿ ಕೆಳಗಿನ ಅಂತಸ್ತು, ಮನೆಯ ನಟ್ಟನಡುವೆ, ಕಿಟಕಿಯಿಲ್ಲದ ಬಚ್ಚಲೋ ಬೀರುಕೋಣೆಯೋ. ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೆ ಸೋನಾಮಸೂರಿ ಮೂಟೆ, ಗಣಪತಿ ಹಬ್ಬದ ಮಂಟಪ ಇಡುವ ಜಾಗ. ಅಲ್ಲೇ ಮೂರು ಸೈಕಲ್ ಹೆಲ್ಮೆಟ್, ಟಾರ್ಚು, ಎಲ್ಲರ ಹಳೇ ಬೂಟು. ಬೂಟು ಯಾಕೆಂದರೆ, ಬದುಕಿ ಹೊರಗೆ ಬಂದ ಮೇಲೆ ನಡೆಯಬೇಕಾದದ್ದು ಗಾಜು ಮತ್ತು ಮೊಳೆಯ ಮೇಲೆ. ಮೂರನೇ ಮಹಡಿಯಲ್ಲಿರುವವರು ಕೆಳಗಿನ ಮನೆಯವರ ಪರಿಚಯ ಈಗಲೇ ಮಾಡಿಕೊಳ್ಳಿ, ಒಂದು ಡಬ್ಬಿ ಕೋಡುಬಳೆ ಕೊಟ್ಟರೆ ಸಾಕು.

ಕಾರಿನಲ್ಲಿ ಸಿಕ್ಕಿಬಿದ್ದರೆ ಹತ್ತಿರದ ಗಟ್ಟಿ ಕಟ್ಟಡಕ್ಕೆ ನುಗ್ಗಿ, ಪೆಟ್ರೋಲ್ ಬಂಕಿನ ಬಚ್ಚಲಾದರೂ ಸರಿ. ದಯವಿಟ್ಟು ಸೇತುವೆಯ ಅಡಿಗೆ ಹೋಗಬೇಡಿ. 1991ರಲ್ಲಿ ಕನ್ಸಾಸಿನ ಹೆದ್ದಾರಿಯಲ್ಲಿ ಟಿವಿಯವರು ಕೆಲವರ ಜೊತೆ ಸೇತುವೆಯ ಅಡಿ ಕೂತು ಬಚಾವಾದ ವೀಡಿಯೋ ಲೋಕಪ್ರಸಿದ್ಧವಾಗಿ, ಅದೇ ಸುರಕ್ಷಿತ ಜಾಗ ಅನ್ನುವ ನಂಬಿಕೆ ಹುಟ್ಟಿತು. 1999ರ ಮೇ 3ರಂದು ಓಕ್ಲಹೋಮದಲ್ಲಿ ಹಾಗೆ ಸೇತುವೆಗಳ ಅಡಿ ಹೋದವರಲ್ಲಿ 3 ಜನ ಸತ್ತರು, ಎಷ್ಟೋ ಜನ ಕೈಕಾಲು ಕಳೆದುಕೊಳ್ಳುವಷ್ಟು ಗಾಯಗೊಂಡರು. ಅಲ್ಲಿ ಗಾಳಿ ಇನ್ನೂ ಇಕ್ಕಟ್ಟಾಗಿ ನುಗ್ಗುತ್ತದೆ, ಮೇಲಕ್ಕೆ ಹತ್ತಿದಷ್ಟೂ ಜೋರು. ಒಂದು ವೀಡಿಯೋ ಎಂಟು ವರ್ಷ ಆದ ಮೇಲೆ ಜನರನ್ನು ಕೊಂದಿತು. ನೀರು ನಿಂತ ರಸ್ತೆಗೂ ಕಾರು ಇಳಿಸಬೇಡಿ, ಒಂದಡಿ ಹರಿವ ನೀರು ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ. ಎಲ್ ರೀನೋದ ಅದೇ ರಾತ್ರಿ ಓಕ್ಲಹೋಮ ಸಿಟಿಯಲ್ಲಿ ಪ್ರವಾಹಕ್ಕೆ ಬಲಿಯಾದವರು ಸುಂಟರಗಾಳಿಗೆ ಬಲಿಯಾದವರಿಗಿಂತ ಹೆಚ್ಚು. ಗಾಳಿಗೆ ಹೆದರಿ ಮೋರಿಯೊಳಗೆ ಅಡಗಿದವರನ್ನು ನೀರು ಕೊಚ್ಚಿಕೊಂಡು ಹೋಯಿತು.

ಇಷ್ಟೆಲ್ಲ ಆದ ಮೇಲೂ ಮಾಣಿಗೆ ಮೋಡದ ಮೇಲಿನ ಆಸೆ ಹೋಗಿಲ್ಲ. ಹೋಗುವುದೂ ಬೇಡ ಬಿಡಿ. ಸ್ಕೈವಾರ್ನ್ ತರಬೇತಿಗೆ ದುಡ್ಡಿಲ್ಲ, ಇಬ್ಬರ ಹೆಸರನ್ನೂ ನೋಂದಾಯಿಸಿದ್ದೇನೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಏಳಬೇಕು ಅಂತ ಅದಕ್ಕೂ ಮುಖ ಊದಿಸಿಕೊಂಡಿದ್ದಾನೆ. ಕಾರಿನ ಕೀ ಮಾತ್ರ ಈಗ ದೇವರಕೋಣೆಯಲ್ಲಿ ಕುಂಕುಮದ ಭರಣಿಯ ಹಿಂದಿದೆ. ಇದನ್ನು ಅವನು ಓದಿದರೆ ಜಾಗ ಬದಲಾಯಿಸಬೇಕಾಗುತ್ತದೆ. ಮತ್ತೆ, ಆ 2010ರ ಶುಕ್ರವಾರದ ವಿಷಯ ನನ್ನ ಹೆಂಡತಿಗೂ ಇಲ್ಲೇ ಮೊದಲು ಗೊತ್ತಾಗುವುದು. ಗಾಜು ಒಡೆದದ್ದು ಆಫೀಸಿನ ಪಾರ್ಕಿಂಗಿನಲ್ಲಿ ಅಂತ ಹೇಳಿದ್ದೆ.